ಬಾಳೆಕಂದಿನ ಅರ್ಜಿ

ತಾಯಿ ಬಾಳೆಯ ಬುಡದಲ್ಲಿ ಹುಟ್ಟಿ ಮೊಣಕಾಲುದ್ದ ಬೆಳೆದಿದ್ದ ಕಂದು, ತೋಟದ ನ್ಯಾಯ ನೋಡುವ ಗುದ್ದಲಿಯನ್ನು ಕರೆದು, "ನನ್ನನ್ನು ಬೇರೆ ಮಾಡಿ ಸ್ವಾಮಿ, ನನಗೆ ನನ್ನದೇ ಗುಂಡಿ ಬೇಕು" ಎಂದು ಬೇಡಿಕೊಂಡಿತು.

"ತಾಯಿಯ ಒಪ್ಪಿಗೆ ಇದೆಯೇ?"

"ಇಲ್ಲ" ಎಂದಿತು, ಗೊನೆ ಹೊತ್ತು ಬಾಗಿದ್ದ ತಾಯಿ. "ಅದಿನ್ನೂ ಮೂರು ತಿಂಗಳ ಕೂಸು. ನನ್ನನ್ನು ಬಿಟ್ಟು ಒಂದು ದಿನವೂ ಬದುಕದು."

ತಾಯಿ ಒಪ್ಪದಿದ್ದರೆ ಬೇರು ನೋಡಿ ತೀರ್ಮಾನಿಸುವುದು ಗುದ್ದಲಿಯ ಪದ್ಧತಿ. ಅದು ಮೆಲ್ಲಗೆ ಮಣ್ಣು ಸರಿಸಿತು. ಕಂದಿನ ಬೇರುಗಳು ಬೆಳ್ಳಗೆ, ಗಟ್ಟಿಯಾಗಿ ಇಳಿದಿದ್ದವು. ಕೊಳೆತಿದ್ದದ್ದು ತಾಯಿಯ ಬೇರು. ಕಂದು ಹಿಡಿದಿದ್ದ ಮಣ್ಣಿನಿಂದಲೇ ತಾಯಿ ನಿಂತಿತ್ತು.

"ಅದು ಹೋದರೆ ಬೀಳುವವಳು ನೀನೇ ಕಣಮ್ಮ" ಎಂದಿತು ಗುದ್ದಲಿ.

ಕಂದು ತಾಯಿಯತ್ತ ವಾಲಿತು. "ಹಾಗಾದರೆ ನಾನು ಇಲ್ಲೇ ಇದ್ದುಬಿಡುತ್ತೇನೆ."

"ಸುಮ್ಮನಿರು" ಎಂದು ಗುದ್ದಲಿ ಗದರಿತು. "ಆಸರೆಗೆ ಬಿದಿರ ಗಳವಿದೆ. ಆಸರೆಗಾಗಿ ಮಕ್ಕಳನ್ನು ಹಿಡಿದಿಟ್ಟುಕೊಳ್ಳುವುದು ನ್ಯಾಯವಲ್ಲ."

ಗಳ ಬಂದು ನಿಂತಿತು. ತಾಯಿ ಅದಕ್ಕೆ ಒರಗಿ ಹೇಳಿತು: "ಹೊಸ ಗುಂಡಿಗೆ ಎರಡು ದಿನ ನೆರಳು ಮಾಡಿಕೊಡಿ. ಕೂಸಿಗೆ ಬಿಸಿಲು ಅಭ್ಯಾಸವಿಲ್ಲ."

"ಇದನ್ನೇ ಒಪ್ಪಿಗೆ ಎಂದುಕೊಳ್ಳುತ್ತೇನೆ" ಎಂದು ಗುದ್ದಲಿ ಮೇಲೆದ್ದಿತು.