ಕೆತ್ತನೆಯ ಕೋವಿಯೂ ಕಾಡುಹುಂಜವೂ

ಉತ್ತಯ್ಯನವರು ಆಸೆಪಟ್ಟು ಕೂಡಿಟ್ಟ ಹಳೇ ಕೋವಿಗಳಲ್ಲೆಲ್ಲ ಜೋಡುನಳಿಗೆಯದಕ್ಕೆ ಬಲು ಜಂಬ. ಅದರ ಮೈಮೇಲೆ ಬೆಳ್ಳಿಯಲ್ಲಿ ಕೆತ್ತಿದ ಕಾಡುಹುಂಜವಿತ್ತು. ನೋಡಿದ ನೆಂಟರೆಲ್ಲ ಬಾಯಿ ಬಿಟ್ಟು ನಿಲ್ಲುತ್ತಿದ್ದರು. ಕೈಲ್ ಮುಹೂರ್ತದ ಹಬ್ಬದಂದು ಆಯುಧಪೂಜೆ ಮುಗಿದ ಮೇಲೆ ಅದು ಹೂ ಮುಡಿದು ಜಗಲಿಯಲ್ಲಿ ಮಲಗಿತ್ತು. ಆಗ ನಿಜವಾದ ಕಾಡುಹುಂಜವೊಂದು ಪೂಜೆಯ ಅಕ್ಕಿಕಾಳು ಹೆಕ್ಕುತ್ತ ನಳಿಗೆಯ ಬಾಯಿಗೆದುರೇ ಬಂದು ನಿಂತಿತು.

“ಎಲವೋ, ನಾನು ಯಾರೆಂದು ಬಲ್ಲೆಯಾ?” ಎಂದು ಕೋವಿ ಗುಡುಗಿತು.

“ಬಲ್ಲೆ ದೊರೆ. ನಿಮ್ಮ ಮೈಮೇಲಿರುವ ನನ್ನ ಚಿತ್ರ ನೋಡೋಣವೆಂದೇ ಬಂದೆ. ಬಾಲ ಚೆನ್ನಾಗಿದೆ, ಜುಟ್ಟು ಮಾತ್ರ ಕೊಂಚ ಸಣ್ಣದಾಯಿತು.”

“ಇಷ್ಟು ಸೊಕ್ಕೇ? ಯಜಮಾನರು ಬರಲಿ, ನಿನ್ನ ಒಂದು ಪುಕ್ಕವೂ ಉಳಿಯದು!”

ಅಷ್ಟರಲ್ಲಿ ಉತ್ತಯ್ಯನವರು ಹೊರಗೆ ಬಂದರು. ಹುಂಜವನ್ನು ಕಂಡು ಉಸಿರು ಬಿಗಿಹಿಡಿದು ಕೋವಿಯತ್ತ ಕೈ ಚಾಚಿದರು. ಕೋವಿಗೆ ಎರಡು ನಳಿಗೆಯಲ್ಲೂ ಹಿಗ್ಗು. ನೂರು ವರ್ಷ ಕಾದದ್ದಕ್ಕೆ ಇಂದು ತನ್ನ ಸರದಿ ಬಂತು! ಅವರು ಅದನ್ನು ಮೆಲ್ಲನೆ ಎತ್ತಿ, ಕೆತ್ತನೆಗೆ ಗೀರು ಬೀಳದಂತೆ ಮಖಮಲ್ಲಿನಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ಆಮೇಲೆ ಅಡುಗೆಮನೆಯ ಬಾಗಿಲ ಹಿಂದೆ ಒರಗಿಸಿದ್ದ ತುಕ್ಕು ಹಿಡಿದ ಒಂಟಿನಳಿಗೆಯನ್ನು ತರಲು ಒಳಗೆ ಓಡಿದರು.

ಹುಂಜ ರೆಕ್ಕೆ ಬಡಿದು ಬೇಲಿ ಹಾರಿತು.

“ಹೇಡಿ! ನನಗೆ ಹೆದರದವನು ಆ ತುಕ್ಕುಕೋವಿಗೆ ಹೆದರುತ್ತೀಯಾ?” ಎಂದು ಮಖಮಲ್ಲಿನೊಳಗಿಂದ ಕೋವಿ ಕೂಗಿತು.

“ಹೆದರದೆ ಏನು ಮಾಡಲಿ ದೊರೆ?” ಎಂದಿತು ಹುಂಜ, ಪೊದೆಯೊಳಗಿಂದ. “ಅದರ ಮೇಲೆ ನನ್ನ ಚಿತ್ರವಿಲ್ಲ.”