ತೂಬಿನ ಮೇಲೆ ಕೂತ ರಕ್ಕಸ

"ಉಪ್ಪಿನ ಆಗರದ ತೂಬಿನ ಮೇಲೆ ಕೂತಿರುವ ರಕ್ಕಸನ ಮೂರು ಒಗಟು ಬಿಡಿಸಿ ಅವನನ್ನು ಎಬ್ಬಿಸಿದವರಿಗೆ ಬೇಡಿದ್ದು ಕೊಡುತ್ತೇವೆ. ತಪ್ಪಿದವರು ಅವನ ಬಾಯಿಗೆ ತುತ್ತು" ಎಂದು ಅಳಿವೆಕೋಟೆಯ ರಾಜ ಡಂಗುರ ಹೊಡೆಸಿದ.

ಆಗರಕ್ಕೆ ಕಡಲ ನೀರು ಬರುವುದು ಆ ತೂಬಿನಿಂದಲೇ. ರಕ್ಕಸ ಕೂತ ಮೇಲೆ ನೀರೂ ಇಲ್ಲ, ಉಪ್ಪೂ ಇಲ್ಲ. ಅರಮನೆಯ ಸಾರೇ ಸಪ್ಪೆಯಾಗಿತ್ತು. ಆಗರದ ಮಂದಿ ಊರು ಬಿಡಲು ಗಂಟುಮೂಟೆ ಕಟ್ಟುತ್ತಿದ್ದರು.

ಮೊದಲು ಸೇನಾಪತಿ ಮೀಸೆ ತಿರುವುತ್ತ ಹೋದ. "ತಾಯಿ ಮುಟ್ಟಿದರೆ ಕರಗಿಹೋಗುವ ಮಗು ಯಾವುದು?" ಎಂದು ರಕ್ಕಸ ಕೇಳಿದ.

"ಬೆಣ್ಣೆ."

ರಕ್ಕಸ ಅವನನ್ನು ಕೋಳಿಯ ಹಾಗೆ ಬುಟ್ಟಿಯಡಿ ಕವುಚಿಟ್ಟ. ಆಮೇಲೆ ಬಂದ ರಾಜಕುಮಾರ ಮೊದಲನೆಯದನ್ನು ಹೇಗೋ ದಾಟಿದ.

"ತುಳಿದಷ್ಟೂ ಗಟ್ಟಿಯಾಗುವುದು ಯಾವುದು?"

"ಹಗೆತನ" ಎಂದ. ಅವನಿಗೂ ಒಂದು ಬುಟ್ಟಿ. ರಕ್ಕಸನ ಅಮಾವಾಸ್ಯೆಯ ಊಟಕ್ಕೆ ಇಬ್ಬರಾದರು.

ಆಗರದ ಹುಡುಗಿ ಮಂಕಾಳಿಗೆ ಊರು ಬಿಡಲು ಸುತರಾಂ ಮನಸ್ಸಿರಲಿಲ್ಲ. ಅವ್ವ ಕಟ್ಟಿಟ್ಟ ಗಂಟಿನಿಂದ ಗಂಜಿಯ ಗಡಿಗೆ, ಉಳಿದಿದ್ದ ಒಂದು ಹಿಡಿ ಉಪ್ಪು ತೆಗೆದುಕೊಂಡು ತೂಬಿಗೆ ಹೋದಳು.

"ಅಜ್ಜ, ಮೊದ್ಲು ಉಣ್ಣು. ಒಗಟು ಆಮೇಲೆ ಕೇಳ್ಬಹುದು."

ರಕ್ಕಸ ಉಪ್ಪಿಗೆ ಅಂಗೈ ಚಾಚಿದ. "ಕೈಗೆ ಕೊಟ್ರೆ ಜಗಳ ಆಗ್ತದೆ" ಎಂದು ಅವಳು ಬಾಳೆಲೆ ಹಾಸಿ ಅದರ ತುದಿಗೆ ಬಡಿಸಿದಳು. ಅವನು ಗಡಿಗೆ ಬರಿದು ಮಾಡಿ, ಎಲೆಯನ್ನೂ ನೆಕ್ಕಿ, ಮೊದಲ ಒಗಟು ಕೇಳಿದ.

"ಉಪ್ಪು. ನೀರಲ್ಲೇ ಹುಟ್ತದೆ, ನೀರು ತಾಗಿದ್ರೆ ಕರಗ್ತದೆ."

"ತುಳಿದಷ್ಟೂ ಗಟ್ಟಿಯಾಗುವುದು?"

"ನಮ್ಮ ಆಗರದ ನೆಲ. ಮಳೆಗಾಲ ಮುಗಿದ ಮೇಲೆ ಎಲ್ಲರೂ ಸೇರಿ ತುಳಿತೇವೆ. ಗಟ್ಟಿಯಾಗದಿದ್ರೆ ಉಪ್ಪಿಗೆ ಕೆಸರು ಹತ್ತುತ್ತದೆ."

ರಕ್ಕಸ ಹಲ್ಲು ಕಿರಿದ. "ಆನೆ ತಿಂದೆ, ಮೊಸಳೆ ತಿಂದೆ. ನಾನು ತಿನ್ನಲಾರದ ಜೀವ ಯಾವುದು?"

ಮಂಕಾಳಿ ಬರಿದಾದ ಎಲೆಯ ಕಡೆ ನೋಡಿದಳು. "ನಾನು" ಎಂದಳು. "ಈಗಷ್ಟೇ ನನ್ನ ಉಪ್ಪು ಉಂಡಿಯಲ್ಲ, ಅಜ್ಜ."

ರಕ್ಕಸ ತಾನು ನೆಕ್ಕಿದ ಎಲೆಯನ್ನು ಎತ್ತಿ ನೋಡಿದ. "ಅಂಥ ಜೀವ ಇಲ್ಲವೇ ಇಲ್ಲ ಅಂತಿದ್ದೆ. ಇವತ್ತು ನಿನ್ನ ಗಂಜಿ ನನ್ನ ಲೆಕ್ಕ ಕೆಡಿಸಿತು" ಎಂದು ಹೊಟ್ಟೆ ಕುಲುಕಿಸಿ ನಕ್ಕು ಎದ್ದೇಬಿಟ್ಟ. ಕಡಲ ನೀರು ಆಗರಕ್ಕೆ ನುಗ್ಗಿತು. ಬುಟ್ಟಿಗಳೂ ಎದ್ದವು.

ರಾಜ ಖುಷಿಯಿಂದ ಮಗನನ್ನೇ ಅವಳ ಮುಂದೆ ನಿಲ್ಲಿಸಿದ. ಮಂಕಾಳಿ ಅವನ ಮೆತ್ತನೆಯ ಪಾದ ನೋಡಿದಳು.

"ಮದುವೆ ಮಾತು ಇರ್ಲಿ, ಒಡೆಯಾ. ಈ ವರ್ಷ ಇವರು ನಮ್ಮ ನೆಲ ತುಳೀಲಿ. ಅಜ್ಜನೂ ಜೊತೆಗಿರ್ಲಿ, ಅವನ ಪಾದ ದೊಡ್ಡದು."

ಅವ್ವ ಗಂಟು ಬಿಚ್ಚಿ ಮೂರು ಗಡಿಗೆ ಗಂಜಿಗೆ ಇಟ್ಟಳು. ಅದರಲ್ಲಿ ಎರಡು ರಕ್ಕಸನಿಗೆ.