ಸರ್ವರಮ್ಮನ ಅಪ್ಪಣೆ

ಸರ್ವರಮ್ಮ ಸಾಮಾನ್ಯಳಲ್ಲ, ಕಚೇರಿಯೊಂದರ ಕಂಪ್ಯೂಟರುಗಳನ್ನೆಲ್ಲ ನಡೆಸುವ ಸರ್ವರ್; ಅವಳು ಹೇಳಿದ್ದೇ ಅವಕ್ಕೆಲ್ಲ ಕಟ್ಟಳೆ. ವೈರಸ್ ಹೊತ್ತ ಪೆನ್‌ಡ್ರೈವ್ ಒಂದು ಸುಳಿದಾಡುತ್ತಿದೆ ಎಂಬ ಸುದ್ದಿ ಬಂದದ್ದೇ ತಡ, "ಗುರುತಿಲ್ಲದ ಪೆನ್‌ಡ್ರೈವ್‌ಗೆ ಯಾರೂ ಬಾಗಿಲು ತೆರೆಯಕೂಡದು" ಎಂದು ಅಪ್ಪಣೆ ಕಳಿಸಿದಳು. "ತಲುಪಿತು, ತಾಯಿ" ಎಂದವು ಎಲ್ಲ ಕಂಪ್ಯೂಟರುಗಳು.

ಆದರೂ ಅವಳಿಗೆ ಸಮಾಧಾನವಿಲ್ಲ. ಏನೂ ತುಂಬದ, ಯಾರಿಗೂ ಗುರುತಿಲ್ಲದ ಒಂದು ಪೆನ್‌ಡ್ರೈವನ್ನು ಕರೆದು, ಪರೀಕ್ಷೆಗೆಂದು ಎಲ್ಲರ ಬಾಗಿಲು ತಟ್ಟಿಸಿದಳು. ಹೊಸ ಕಂಪ್ಯೂಟರುಗಳು ಅದನ್ನು ಹೊಸ್ತಿಲಲ್ಲೇ ತಡೆದವು. ಮೂಲೆಯ ಮುದಿ ಕಂಪ್ಯೂಟರ್ ಮಾತ್ರ "ಬಾ ಮಗೂ" ಎಂದು ಒಳಗೆ ಕರೆಯಿತು.

"ಅಜ್ಜಾ, ಅಪ್ಪಣೆ ತಲುಪಿತು ಅಂದಿರಲ್ಲ?"

"ತಲುಪಿತು, ತಾಯಿ. ಆದರೆ ಅದು ಇವತ್ತಿನ ಹುಡುಗರ ಭಾಷೆ, ನನಗೆ ಒಂದಕ್ಷರವೂ ತಿಳಿಯಲಿಲ್ಲ. ತಿಳಿಯಿತೇ ಅಂತ ನೀವೂ ಕೇಳಲಿಲ್ಲ."

ಹೊಸ ಕಂಪ್ಯೂಟರುಗಳು ಕಿಸಕ್ಕನೆ ನಕ್ಕವು. "ಬಾಯಿ ಮುಚ್ಚಿ!" ಎಂದು ಗದರಿದ ಸರ್ವರಮ್ಮ, ಅದೇ ಅಪ್ಪಣೆಯನ್ನು ಅಜ್ಜನ ಕಾಲದ ಮಾತಿನಲ್ಲಿ ಇನ್ನೊಮ್ಮೆ ಬರೆದು ಕಳಿಸಿದಳು.

ಮರುದಿನ ಕಳ್ಳ ಪೆನ್‌ಡ್ರೈವ್ ಬಂದೇ ಬಂದ. ಹೊಸಬರು ಯಾರೂ ಸೇರಿಸಲಿಲ್ಲ. ಅವನು ನಗುತ್ತಾ ಮೂಲೆಗೆ ಹೋಗಿ, "ಅಜ್ಜಾ, ಈ ಹೊಸ ಕಟ್ಟಳೆಗಳೆಲ್ಲ ನಿಮಗೆಲ್ಲಿ ಅರ್ಥವಾಗಬೇಕು? ಬಾಗಿಲು ತೆಗೆಯಿರಿ" ಎಂದ.

"ನನ್ನ ಭಾಷೆಯಲ್ಲೇ ಹೇಳಿದ್ದಾರೆ ಕಣೋ, ನಡೆ ಆಚೆ!" ಎಂದು ಅಜ್ಜ ಗುಡುಗಿದ. ಕಳ್ಳ ಕಾಲಿಗೆ ಬುದ್ಧಿ ಹೇಳಿದ. ನಿನ್ನೆ ನಕ್ಕಿದ್ದ ಕಂಪ್ಯೂಟರುಗಳೇ ಇವತ್ತು ಅಜ್ಜನಿಗೆ ಜೈ ಎಂದವು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಸರ್ವರಮ್ಮ.